ಜಾವಾ 8 ತೆಗೆಯಬೇಡಿ, ಎರಡೂ ಇರಲಿ

ಹುಬ್ಬಳ್ಳಿಯ ಗೆಳೆಯರೇ, ನಿಮ್ಮ ಉಬುಂಟುವಿನಲ್ಲಿ ಹಳೇ ಪ್ರಾಜೆಕ್ಟಿಗೆ ಜಾವಾ 8, ಹೊಸ ಸ್ಪ್ರಿಂಗ್ ಬೂಟ್ 3ಕ್ಕೆ (ಜಾವಾ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್) ಜಾವಾ 17 ಬೇಕು, ಒಂದನ್ನು ತೆಗೆದು ಇನ್ನೊಂದು ಹಾಕಬೇಕಾ ಅಂತ ಕೇಳಿದ್ದೀರಿ. ಏನೂ ತೆಗೆಯಬೇಡಿ. ಎರಡೂ ಬೇರೆ ಬೇರೆ ಫೋಲ್ಡರಿನಲ್ಲಿ ಕೂರುತ್ತವೆ, ಒಂದರ ತಂಟೆಗೆ ಇನ್ನೊಂದು ಹೋಗುವುದಿಲ್ಲ.

ಎರಡೂ ಹಾಕಿದ ಮೇಲೆ ಯಾವುದು ಓಡಬೇಕು ಅಂತ ಆರಿಸಲು, ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಜೊತೆ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಕಮಾಂಡಿಗೆ ಕಾನ್ಫಿಗ್ ಆಯ್ಕೆ, ಅದರ ಮುಂದೆ ಜಾವಾ ಅಂತ ಕೊಡಿ: sudo update-alternatives --config java. ನಂಬರ್ ಇರುವ ಪಟ್ಟಿ ಬರುತ್ತದೆ. ಈಗ ಬಳಕೆಯಲ್ಲಿರುವುದರ ಮುಂದೆ ನಕ್ಷತ್ರ ಗುರುತು (*). ಬೇಕಾದ ನಂಬರ್ ಹಾಕಿ ಎಂಟರ್ ಒತ್ತಿದರೆ ಆಯ್ತು.

ಆಯ್ತು ಅಂದೆ, ಆದ್ರೆ ಜಾಸ್ತಿ ಜನ ಎಡವುವುದು ಇಲ್ಲೇ ನೋಡ್ರಿ. ಬದಲಾಗಿದ್ದು ಪ್ರೋಗ್ರಾಂ ಓಡಿಸುವ ಜಾವಾ ಮಾತ್ರ. ಕೋಡನ್ನು ಕಂಪೈಲ್ ಮಾಡುವ ಜಾವಾಸಿಗೆ (javac) ಅದೇ ಕಮಾಂಡನ್ನು, ಜಾವಾ ಜಾಗದಲ್ಲಿ ಜಾವಾಸಿ ಹಾಕಿ, ಇನ್ನೊಮ್ಮೆ ಕೊಡಬೇಕು. ಒಮ್ಮೆ ನಾನು 17ರಲ್ಲಿ ಕಂಪೈಲ್ ಮಾಡಿ 8ರಲ್ಲಿ ಓಡಿಸಲು ಹೋದೆ. ಕ್ಲಾಸ್ ಫೈಲ್ ವರ್ಷನ್ 61, ನನಗೆ 52ರ ತನಕ ಮಾತ್ರ ಗೊತ್ತು ಅಂತ ಎರರ್. ಚಿಗರಿ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಧಾರವಾಡ ಬರುವ ತನಕ ತಲೆ ಕೆರೆದುಕೊಂಡೆ. 61 ಅಂದ್ರೆ ಜಾವಾ 17, 52 ಅಂದ್ರೆ ಜಾವಾ 8, ಅಷ್ಟೇ!

ಪ್ರಾಜೆಕ್ಟ್ ಬಿಲ್ಡ್ ಮಾಡಲು ಮೇವನ್ ಟೂಲ್ ಬಳಸುತ್ತೀರಲ್ವಾ? ಅದು ಮೊದಲು ನೋಡುವುದು ಜಾವಾ ಎಲ್ಲಿದೆ ಅಂತ ಹೇಳುವ ಜಾವಾ ಹೋಮ್ (JAVA_HOME) ವೇರಿಯಬಲ್ಲನ್ನು. ಮೇಲಿನ ಕಮಾಂಡ್ ಅದನ್ನು ಮುಟ್ಟುವುದೇ ಇಲ್ಲ, ನೀವೇ ಬದಲಿಸಬೇಕು.

ದಿನಕ್ಕೆ ನಾಲ್ಕು ಸಲ ಬದಲಿಸುವುದಿದ್ದರೆ ಸುಮ್ನೆ ಜಾವಾ ವರ್ಷನ್‌ಗಳನ್ನು ಹಾಕಿ ಬದಲಿಸಿಕೊಡುವ ಎಸ್‌ಡಿಕೆಮ್ಯಾನ್ (SDKMAN) ಟೂಲ್ ಹಾಕಿಕೊಳ್ಳಿ. ನಾನೀಗ ಅದನ್ನೇ ಬಳಸುತ್ತೇನೆ. ಜಾವಾಗಳು ನಿಮ್ಮ ಹೋಮ್ ಫೋಲ್ಡರಿನಲ್ಲೇ ಇರುತ್ತವೆ, ಸುಡೋ ಬೇಡ, ಜಾವಾ ಹೋಮ್ ಕೂಡ ಅದೇ ಬದಲಿಸುತ್ತದೆ. ಅದರ ಯೂಸ್ ಕಮಾಂಡ್ (sdk use java, ಮುಂದೆ ವರ್ಷನ್) ಕೊಟ್ಟರೆ ಬದಲಾವಣೆ ಆ ಒಂದು ಟರ್ಮಿನಲ್‌ಗೆ ಮಾತ್ರ. ಪಕ್ಕದ ಟರ್ಮಿನಲ್‌ನಲ್ಲಿ ಹಳೇ ಪ್ರಾಜೆಕ್ಟ್ ತನ್ನ ಪಾಡಿಗೆ 8ರಲ್ಲೇ ಓಡುತ್ತಿರುತ್ತದೆ.