ತಾಜ್‌ಮಹಲಿನ ಜಪಾನಿ ಮುದ್ರಣದ ಮೇಲೆ ಇಂಗ್ಲಿಷ್ ಹೆಸರೇಕೆ?

ತಾಜ್‌ಮಹಲಿನ ಜಪಾನಿ ಮರದಚ್ಚಿನ ಚಿತ್ರದ ಮೇಲೆ ಇಂಗ್ಲಿಷ್ ಹೆಸರೇಕೆ ಎಂದು ತಾವು ಕೇಳಿದ್ದೀರಿ. ಅದು 1860ರಲ್ಲಿ ಇಂಗ್ಲೆಂಡಿನ ಬ್ರಿಡ್‌ಪೋರ್ಟ್‌ನಲ್ಲಿ ಹುಟ್ಟಿದ ಚಾರ್ಲ್ಸ್ ವಿಲಿಯಂ ಬಾರ್ಟ್ಲೆಟ್ ಅವರದು. ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ಕಲಿತು ಜಲವರ್ಣದಲ್ಲಿ ಪಳಗಿದ್ದ ಅವರು, 1913ರಲ್ಲಿ ಭಾರತಕ್ಕೆ ಬಂದು, ಇಲ್ಲಿ ಬಿಡಿಸಿದ ಚಿತ್ರಗಳೊಂದಿಗೆ 1915ರಲ್ಲಿ ಜಪಾನ್ ತಲುಪಿ, ಪ್ರಕಾಶಕ ವತನಬೆ ಶೋಜಬುರೊ ಅವರ ಜೊತೆಗೂಡಿ ಐವತ್ತೈದರ ಆಸುಪಾಸಿನಲ್ಲಿ ಮುದ್ರಣಕಲೆಗೆ ಹೊರಳಿದರು. ಆ ವಯಸ್ಸಿನ ಈ ಹೊರಳನ್ನು ನಾನು ಬಹಳ ಮೆಚ್ಚುತ್ತೇನೆ.

ಮೂಲಚಿತ್ರ ಅವರದಾದರೂ ಹಲಗೆ ಕೆತ್ತಿದವರು, ಒಂದೊಂದು ಬಣ್ಣದ ಹಲಗೆಯ ಮೇಲೂ ಕಾಗದವಿಟ್ಟು ಉಜ್ಜಿ ಅಚ್ಚೆತ್ತಿದವರು ಜಪಾನಿನ ಕುಶಲಕರ್ಮಿಗಳು. ಆಕಾಶದ ನೀಲಿ ಹಂತಹಂತವಾಗಿ ತಿಳಿಯಾಗುವುದನ್ನು ಗಮನಿಸಿ: ಹಲಗೆಯ ಮೇಲಿನ ಬಣ್ಣವನ್ನೇ ತೆಳುವಾಗಿಸುವ ಆ ಕೈಚಳಕಕ್ಕೆ ಬೊಕಾಶಿ ಎನ್ನುತ್ತಾರೆ. 1917ರಲ್ಲಿ ಹವಾಯಿಗೆ ಹೋದ ಬಾರ್ಟ್ಲೆಟ್ ಅಲ್ಲಿಯೇ ನೆಲೆಸಿ, 1940ರಲ್ಲಿ ತೀರಿಕೊಂಡರು.