ಕೆರೆ ದಂಡೆಯ ಜನಜಂಗುಳಿ: ಎಣಿಸುವುದೇನು, ಅಳೆಯುವುದೇನು?

ಪ್ರಶ್ನೆ: ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕೆರೆಗಳಿಗೆ ಪ್ರವಾಸಿಗರಿಂದ ಏನಾಗುತ್ತಿದೆ ಎಂದು ನಮ್ಮ ಕಾಲೇಜಿನ ನಿಸರ್ಗ ಬಳಗ ಅಧ್ಯಯನ ಮಾಡಬೇಕೆಂದಿದೆ. ಗೇಟಿನ ಟಿಕೆಟ್ ಲೆಕ್ಕ ಸಿಕ್ಕರೆ ಸಾಕೇ? (ಓದುಗರು, ಮುಲುಂಡ್)

ಉತ್ತರ: ಸಾಲದು. ಪಾಸ್ ಇಟ್ಟುಕೊಂಡು ಬೆಳಗಿನ ವಾಕಿಂಗಿಗೆ ಬರುವವರು ದಿನದ ಟಿಕೆಟಿನಲ್ಲಿ ಕಾಣುವುದಿಲ್ಲ. ಟಿಕೆಟ್ ಕೊಂಡವರೆಲ್ಲ ನೀರಿನ ಬಳಿ ಹೋಗುವುದೂ ಇಲ್ಲ, ಎಷ್ಟೋ ಮಂದಿ ನೇರ ಕಾನ್ಹೇರಿ ಗುಹೆಗಳಿಗೆ ಹತ್ತುತ್ತಾರೆ.

ಮೊದಲು ಜಾಗ ಗೊತ್ತುಮಾಡಿಕೊಳ್ಳಿ. ವಿಹಾರ್ (1860) ಮತ್ತು ತುಳಸಿ (1879) ಮುಂಬಯಿಗೆ ಕುಡಿಯುವ ನೀರು ಕೊಡುವ ಕೆರೆಗಳು. ಅಲ್ಲಿ ಮೊಸಳೆಗಳಿವೆ, ಪಾಲಿಕೆಯ ಒಪ್ಪಿಗೆ ಇಲ್ಲದೆ ದಂಡೆಗೆ ಇಳಿಯುವಂತಿಲ್ಲ. ಜನ ಸೇರುವುದು ಪ್ರವಾಸಿ ವಲಯದ ದೋಣಿ ಕೊಳದ ಸುತ್ತ. ಶುರು ಅಲ್ಲಿಂದಲೇ ಆಗಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಸಂಶೋಧನೆಗೆ ಅನುಮತಿ ಬೇಕು. ಅರ್ಜಿಗೆ ಕೊಳದ ನಕ್ಷೆ, ಅಳತೆಯ ಜಾಗಗಳ ಗುರುತು ಸೇರಿಸಿ.

ದಿನಗಳನ್ನು ಕೈಗೆ ಬಂದಂತೆ ಆರಿಸಬೇಡಿ. ವಾರದ ದಿನ, ಶನಿವಾರ-ಭಾನುವಾರ, ಹಬ್ಬದ ರಜೆ ಎಂದು ಮೂರು ಚೀಟಿಗುಂಪು ಮಾಡಿ ಎತ್ತಿ. ಕಾನ್ಹೇರಿಯ ಮಹಾಶಿವರಾತ್ರಿ ಜಾತ್ರೆಯ ಲೆಕ್ಕ ಬೇರೆಯೇ ಇರಲಿ. ಸರಾಸರಿಗೆ ಸೇರಿಸಿದರೆ ಇಡೀ ತಿಂಗಳ ಲೆಕ್ಕ ಕೆಡುತ್ತದೆ. ಪ್ರತಿ ಅರ್ಧ ಗಂಟೆಗೆ ಒಂದೇ ಜಾಗದಿಂದ ದಂಡೆಯ ಫೋಟೊ ತೆಗೆದು ತಲೆ ಎಣಿಸಿ. ದಿನದ ಒಟ್ಟು ಸಂಖ್ಯೆಗಿಂತ ಒಂದೇ ಹೊತ್ತಿಗೆ ಎಷ್ಟು ಜನ ಇದ್ದರು ಎಂಬುದು ಹೆಚ್ಚು ಹೇಳುತ್ತದೆ.

ಕಾಲುದಾರಿಗೆ ಇನ್‌ಫ್ರಾರೆಡ್ ಕೌಂಟರ್ (ಎದುರು ಹಾದುಹೋದವರನ್ನು ಕಣ್ಣಿಗೆ ಕಾಣದ ಕಿರಣದಿಂದ ಎಣಿಸುವ ಯಂತ್ರ) ಕಟ್ಟುವುದಾದರೆ ಸೊಂಟದ ಎತ್ತರಕ್ಕೆ ಕಟ್ಟಿ, ನೀರಿನ ಹೊಳಪು ಬೀಳದ ಕಡೆಗೆ ತಿರುಗಿಸಿ. ಜೋಡಿಯಾಗಿ ನಡೆದವರನ್ನು ಅದು ಒಬ್ಬರೆಂದು ಎಣಿಸುತ್ತದೆ, ತೂಗುವ ಕೊಂಬೆಯನ್ನೂ ಮಂಗವನ್ನೂ ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಬೇರೆ ಬೇರೆ ಹೊತ್ತಿನಲ್ಲಿ ಪಕ್ಕದಲ್ಲೇ ನಿಂತು ಕೈಯಿಂದಲೂ ಎಣಿಸಬೇಕು. ಕೈಲೆಕ್ಕ 230, ಯಂತ್ರದ ಲೆಕ್ಕ 184 ಆದರೆ ಆಮೇಲಿನ ಅಂಕಿಗಳನ್ನೆಲ್ಲ 1.25ರಿಂದ ಗುಣಿಸಿ.

ಇನ್ನು ದಂಡೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ನೀರಿನ ಅಂಚಿನಿಂದ ಟೇಪು ಹಿಡಿಯುತ್ತಾರೆ. ಮಳೆ ನಿಂತ ಮೇಲೆ ಮೇ ತನಕ ಅಂಚು ಹಿಂದೆ ಸರಿಯುತ್ತಲೇ ಇರುತ್ತದೆ, ಬಯಲಾದ ಬರೀ ಕೆಸರನ್ನು ಜನ ತುಳಿದು ಹಾಳುಮಾಡಿದ್ದೆಂದು ಬರೆದುಕೊಳ್ಳುತ್ತಾರೆ. ಅದರ ಬದಲು ತುಂಬಿದಾಗಿನ ನೀರಿನ ಗುರುತಿನ ಬಳಿ ಒಂದು ಬಂಡೆಯನ್ನೋ ಮರವನ್ನೋ ನಿಶಾನಿ ಮಾಡಿ ಅಲ್ಲಿಂದ ಮೇಲಕ್ಕೆ ಐದು ಗೆರೆ ಎಳೆಯಿರಿ. ಪ್ರತಿ 2 ಮೀಟರಿಗೆ 1 ಮೀಟರ್ ಚೌಕ ಇಟ್ಟು, ಹುಲ್ಲೆಷ್ಟು, ತರಗೆಲೆಯೆಷ್ಟು, ಬರಿಮಣ್ಣೆಷ್ಟು ಎಂದು ಶೇಕಡಾವಾರು ಬರೆಯಿರಿ. ಜನ ಹೋಗದ, ಇಳಿಜಾರು ಮತ್ತು ನೆರಳು ಅಂಥದ್ದೇ ಇರುವ ಇನ್ನೊಂದು ದಂಡೆಯಲ್ಲೂ ಇದೇ ಅಳತೆ ಆಗಲೇಬೇಕು, ಇಲ್ಲದಿದ್ದರೆ ಹೋಲಿಸುವುದಕ್ಕೇ ಏನೂ ಇರುವುದಿಲ್ಲ.

ಮಣ್ಣು ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ಎರಡೂ ತುದಿ ಕತ್ತರಿಸಿದ 15 ಸೆಂ.ಮೀ. ಅಗಲದ ಡಬ್ಬ ಸಾಕು. 5 ಸೆಂ.ಮೀ. ಆಳಕ್ಕೆ ಒತ್ತಿ ಅರ್ಧ ಲೀಟರ್ ನೀರು ಸುರಿದು ಇಂಗುವ ಹೊತ್ತು ನೋಡಿ. ಎರಡೂ ದಂಡೆಗಳನ್ನು ಒಂದೇ ದಿನ ಮುಗಿಸಿ. ಹಿಂದಿನ ದಿನ ಮಳೆ ಬಿದ್ದಿದ್ದರೆ ಮುಂದೂಡಿ.

ಪ್ರಶ್ನೆ: ಜನರನ್ನು ಅರ್ಧಕ್ಕೆ ಇಳಿಸಿದರೆ ಹಾನಿಯೂ ಅರ್ಧವಾಗುತ್ತದಲ್ಲವೇ? (ಓದುಗರು, ಪುಣೆ)

ಉತ್ತರ: ನೆಲದ ಮಟ್ಟಿಗೆ, ಇಲ್ಲ. ಹೊಸ ಹುಲ್ಲುದಂಡೆಯನ್ನು ಮೊದಲು ತುಳಿದ ಕೆಲವೇ ಕಾಲುಗಳು ಬಹುಪಾಲು ಹಾನಿ ಮಾಡಿಬಿಡುತ್ತವೆ, ಬೋಳಾದ ಮೇಲೆ ನೂರು ಜನ ಹೆಚ್ಚಾದರೂ ವ್ಯತ್ಯಾಸ ಅಷ್ಟಿಲ್ಲ. ಆದ್ದರಿಂದ ಜನರನ್ನು ಚದುರಿಸುವುದಕ್ಕಿಂತ ಒಂದೇ ಗಟ್ಟಿ ದಾರಿಯಲ್ಲಿ ಹಿಡಿದಿಡುವುದು ಮೇಲು. ಅಡ್ಡದಾರಿಗಳು ಎಷ್ಟು, ಅಗಲವೆಷ್ಟು ಎಂದು ಪ್ರತಿವರ್ಷ ಅದೇ ತಿಂಗಳಲ್ಲಿ ಅಳೆಯಿರಿ. ಗದ್ದಲ, ವಾಹನಗಳ ಮಾತು ಬೇರೆ, ಅಲ್ಲಿ ಸಂಖ್ಯೆ ಇಳಿಸಿದರೆ ಫಲ ಕಾಣುತ್ತದೆ. ಕೆನಡಾದ ಬಾನ್ಫ್ ಉದ್ಯಾನದ ಮೊರೇನ್ ಸರೋವರದ ರಸ್ತೆಗೆ 2023ರಿಂದ ಖಾಸಗಿ ಕಾರು ಬಿಡುತ್ತಿಲ್ಲ, ಜನ ಬಸ್ಸಿನಲ್ಲಿ ಹೋಗುತ್ತಾರೆ.

ಪ್ರಶ್ನೆ: ಮೀನಿಗೆ ಬ್ರೆಡ್, ಚುರುಮುರಿ ಹಾಕುವುದನ್ನು ಎಣಿಸುವುದು ಹೇಗೆ? (ಓದುಗರು, ಠಾಣೆ)

ಉತ್ತರ: ಕೇಳಬೇಡಿ, ಹಾಕಿದವರೂ ಇಲ್ಲ ಅನ್ನುತ್ತಾರೆ. ದೂರದಲ್ಲಿ ಕೂತು ಹದಿನೈದು ನಿಮಿಷ ನೋಡಿ: ಎಷ್ಟು ಗುಂಪು ಬಂತು, ಎಷ್ಟು ಗುಂಪು ಎಸೆಯಿತು, ಯಾವುದನ್ನು. ನೋಡುವವರು ಇಬ್ಬರಿರಲಿ, ಬೇರೆ ಬೇರೆ ಬರೆದುಕೊಳ್ಳಲಿ. ಇಬ್ಬರ ಲೆಕ್ಕ ತೀರಾ ಬೇರೆಯಾದರೆ ‘ಎಸೆಯುವುದು’ ಎಂದರೇನೆಂದು ಇಬ್ಬರೂ ಕೂತು ಮೊದಲು ಒಂದು ಮಾತಿಗೆ ಬರಬೇಕು. ಮಗುವಿನ ಕೈಯಿಂದ ಬಿದ್ದ ಬಿಸ್ಕತ್ತೂ ಸೇರುತ್ತದೆಯೇ ಎಂಬಲ್ಲಿಯೇ ಸಾಮಾನ್ಯವಾಗಿ ಜಗಳ.