ಟಾಂಗರಿರೊ ದಾಟುವಾಗ ಶಿಖರ ಹತ್ತಬಹುದೇ?

ನ್ಯೂಜಿಲೆಂಡಿನ ಟಾಂಗರಿರೊ ಚಾರಣದಲ್ಲಿ ಪಕ್ಕದ ನೌರುಹೋಯಿ ಶಿಖರವನ್ನೂ ಹತ್ತಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹತ್ತಬೇಡಿ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಿಗೆ ಈ ಸುತ್ತಿನ ಶಿಖರಗಳು ಪೂರ್ವಜರೇ. 1887ರಲ್ಲಿ ಅವರ ಮುಖಂಡ ಹೊರೊನುಕು ತೆ ಹೆಯುಹೆಯು ಅವನ್ನು ಸರ್ಕಾರಕ್ಕೆ ಒಪ್ಪಿಸಿದ್ದರಿಂದಲೇ ಟಾಂಗರಿರೊ ರಾಷ್ಟ್ರೀಯ ಉದ್ಯಾನ ಹುಟ್ಟಿತು. ಸಾಂಸ್ಕೃತಿಕ ಭೂದೃಶ್ಯ, ಅಂದರೆ ಜನರ ನಂಬಿಕೆ-ಬದುಕಿನೊಂದಿಗೆ ಬೆಸೆದ ನೆಲವೆಂದು ಯುನೆಸ್ಕೊ ಮೊದಲು ಗುರುತಿಸಿದ ತಾಣವೂ ಇದೇ, 1993ರಲ್ಲಿ.

ಸುಮಾರು 20 ಕಿ.ಮೀ. ದಾರಿಗೇ 7–8 ಗಂಟೆ ಬೇಕು. ದಾರಿಯಲ್ಲಿನ ರೆಡ್ ಕ್ರೇಟರ್ ಎಂಬ ಜ್ವಾಲಾಮುಖಿ ಕುಳಿಯ ಇಳಿಜಾರಿನಲ್ಲಿ ಸಡಿಲ ಜಲ್ಲಿಯಿದೆ. ಹಿಂದಕ್ಕೆ ವಾಲಿದರೆ ಕಾಲು ಜಾರುತ್ತದೆ. ಮಂಡಿ ತುಸು ಬಗ್ಗಿಸಿ, ಹಿಮ್ಮಡಿ ಊರಿ, ಪುಟ್ಟ ಹೆಜ್ಜೆ ಇಡಿ. ಕೆಳಗಿನ ಹಸಿರು ಕೆರೆಗಳ ಬಣ್ಣ ಬಂಡೆಗಳಿಂದ ಕರಗಿ ಬಂದ ಖನಿಜಗಳದ್ದು. ಅವು ಪವಿತ್ರ, ಕಾಲೂ ಅದ್ದಬೇಡಿ. ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ತಲಾ 2–3 ಲೀಟರ್ ಹೊತ್ತೊಯ್ಯಿರಿ. ಬಿರುಗಾಳಿಯ ಮುನ್ಸೂಚನೆ ಇದ್ದರೆ ಆ ದಿನ ಹೋಗಲೇಬೇಡಿ.